ಕದಿರಮ್ಮನ ಅಳತೆಯ ಕೋವಿ

ಹೋದ ವರ್ಷ ಅಶ್ವತ್ಥಪ್ಪನ ಸೂರಿನ ಮೇಲೆ ಬಿಟ್ಟಿದ್ದ ಕುಂಬಳಕಾಯಿ ಒಡೆಯದೇ ಇದ್ದಿದ್ದರೆ ಕೋವಿ ಮುತ್ತರಾಯಪ್ಪನಿಗೆ ಈ ಫಜೀತಿ ಬರುತ್ತಿರಲಿಲ್ಲ.

ಡೆಂಕಣಿಕೋಟೆ ಕಡೆಯ ಕಾಡಂಚಿನ ಆ ಊರಿನಲ್ಲಿ ರಾಗಿ ತೆನೆ ಹಾಲುದುಂಬಿತೆಂದರೆ ಕಾವಲು ಶುರು. ಮೊದಲ ದಿನ ಸಂಜೆ ಊರವರೆಲ್ಲ ಹೊಲದ ಹತ್ತಿರ ಸೇರುತ್ತಾರೆ. ಕೋವಿ ಇರುವವನು ಆಕಾಶಕ್ಕೆ ಒಂದು ಈಡು ಹಾರಿಸಬೇಕು. ಕಾಡುಹಂದಿಗಳಿಗೆ ಅದೇ ನೋಟೀಸು. ಅಲ್ಲಿಂದ ಕೊಯ್ಲಿನವರೆಗೂ ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕೂರುವ ಯೋಗ ಅವನದು. ಮಿಕ್ಕವರು ಕೆಳಗೆ ಬದುವಿನ ಮೇಲೆ ಸೀಮೆಎಣ್ಣೆ ಡಬ್ಬ ಬಡಿಯುತ್ತ ತಿರುಗಬೇಕು. ಅಪ್ಪ ತೀರಿಕೊಂಡ ವರ್ಷದಿಂದ ಆ ಈಡು ಮುತ್ತರಾಯಪ್ಪನದು. ಅವನ ಹೆಸರಿಗೆ 'ಕೋವಿ' ಅಂಟಿಕೊಂಡದ್ದೂ ಹಾಗೆಯೇ.

ಆದರೆ ಅಪ್ಪನ ಕಾಲದ ಆ ಮದ್ದು ತುಂಬುವ ಕೋವಿ ಮನೆಯ ತೊಲೆಯಷ್ಟು ಭಾರ. ಮುತ್ತರಾಯಪ್ಪನಿಗೆ ಎಪ್ಪತ್ತು ಹತ್ತಿರವಾಗಿ ಬಲಭುಜ ಹಿಡಿದುಕೊಂಡಿತ್ತು. ಹೋದ ವರ್ಷ ಆಕಾಶಕ್ಕೆಂದು ಎತ್ತಿದ ಕೋವಿ ಅರ್ಧಕ್ಕೇ ಇಳಿದು, ಈಡು ಹೋಗಿ ಹೊಲದ ಪಕ್ಕದ ಮನೆಯ ಕುಂಬಳಕಾಯಿಗೆ ಬಡಿಯಿತು. ಬಿಸಿಲಲ್ಲಿ ಕಣ್ಣು ಕತ್ತಲೆ ಬಂತು ಎಂದು ಮುತ್ತರಾಯಪ್ಪ ಸಮಜಾಯಿಷಿ ಕೊಟ್ಟ. ಸೂರ್ಯ ಮುಳುಗುವ ಹೊತ್ತಿನ ಆ ಬಿಸಿಲನ್ನು ಯಾರೂ ನಂಬಲಿಲ್ಲ.

"ಈ ಸಲಾನೂ ಇಂಗೇ ಆದ್ರೆ ಅಟ್ಟಣೆ ನಂಗ್ ಬುಟ್ಬುಡು ಮಾವ. ನಂಗೂ ಲೈಸೆನ್ಸ್ ಬಂದದೆ," ಎಂದಿದ್ದ ಅಶ್ವತ್ಥಪ್ಪ.

ಆದ್ದರಿಂದಲೇ ಕಾವಲು ಶುರುವಾಗುವ ದಿನ ಬೆಳಿಗ್ಗೆ ಮುತ್ತರಾಯಪ್ಪ ಹಳೆಯ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊಸೂರಿನ ಬಸ್ಸು ಹತ್ತಿದ. ಅದನ್ನು ಕೊಟ್ಟು ಹಗುರವಾದದ್ದೊಂದು ತರಲು ತಾಲೂಕು ಕಚೇರಿಗೆ ಅಲೆದಲೆದು ಅಪ್ಪಣೆ ಪಡೆದಿದ್ದ. ಹೆಂಡತಿ ಕದಿರಮ್ಮನಿಗೆ ಬಿಟ್ಟರೆ ಊರಲ್ಲಿ ಇನ್ನಾರಿಗೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಹುರುಳಿಕಾಯಿ ಬುಟ್ಟಿಯ ಹಿಂದೆ ಪಕ್ಕದ ಬೀದಿಯ ಅಂಜಿನಮ್ಮ ಕೂತಿದ್ದಳು.

"ಏನ್ ಮುತ್ತಣ್ಣ, ಕೋವೀನ ಎತ್ಲಾಗ್ ಕರ್ಕೊಂಡ್ ಒಂಟಿದ್ದೀಯಾ?"

"ಬದಲಾಯ್ಸಾಕೆ."

"ಯಾಕೆ, ಎತ್ತಾಕ್ ಆಗಲ್ವಾ?"

ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರು ಸೀಟಿ ಊದುವುದನ್ನೂ ಮರೆತ. ಮುತ್ತರಾಯಪ್ಪನ ಮಾನ ಆ ಕ್ಷಣ ಗೋಣಿಗಿಂತ ಅಗ್ಗವಾಗಿ ಕಂಡಿತು.

"ನಂಗೇನ್ ಬಂದದೆ ರೋಗ!" ಎಂದ. "ನಮ್ ಕದಿರಿಗೆ ಕಣಮ್ಮ. ಅವಳೂ ಕಲೀತೀನಿ ಅಂತವಳೆ. ಈ ಭಾರ ಅವಳ ಕೈಲಾಗ್ತದಾ?"

ಅಲ್ಲಿಗೆ ಮುಗಿಯಿತು ಎಂದುಕೊಂಡ, ಪಾಪ. ಬುಟ್ಟಿ ಖಾಲಿಯಾದ ಕೂಡಲೇ ಅಂಜಿನಮ್ಮ ಕೋವಿ ಅಂಗಡಿಗೇ ಬಂದುಬಿಟ್ಟಳು. "ಎಂಗಸ್ರ ಅಳತೆ ಗಂಡಸ್ರಿಗೆ ಏನ್ ಗೊತ್ತಾದದು?" ಎನ್ನುತ್ತ ಸ್ಟೂಲು ಎಳೆದು ಕೂತಳು.

ಅಂಗಡಿಯ ಚಿನ್ನಸ್ವಾಮಿ ತಮಿಳಿನವನು. ಗಿರಾಕಿ ನೋಡಿ ಕನ್ನಡ ಬೆರೆಸುತ್ತಿದ್ದ. ಮೊದಲು ಜೋಡುನಳಿಗೆ ಕೋವಿ ಕೊಟ್ಟ. ಮುತ್ತರಾಯಪ್ಪ ಎತ್ತಿದ, ಅದರ ಮೂತಿ ನಿಧಾನವಾಗಿ ಬಾಗಿ ಮೇಜಿನ ಮೇಲಿದ್ದ ಕಾಫಿ ಲೋಟದೊಳಗೆ ಇಳಿಯಿತು.

"ಅವಳಿಗೆ ಭಾರ ಆಯ್ತದೆ," ಎಂದ ಏದುಸಿರು ಬಿಡುತ್ತ.

ಎರಡನೆಯದು ಹಗುರವಾಗಿತ್ತು. ಆದರೆ ತೋಟಾ ಹಾಕಲು ಮಡಿಸಬೇಕಲ್ಲ, ಮಡಿಯಲೊಲ್ಲದು. ಮುತ್ತರಾಯಪ್ಪನ ಬೆರಳು ಕೆಂಪಾದವು. "ಅವಳ ಬೆರಳಿಗೆ ಇದು ಬಗ್ಗಲ್ಲ," ಎಂದು ಕೈ ಕೊಡವಿದ.

"ಸರಿ, ಪಾಕ್ಕಲಾಂ, ನೋಡೋಣ," ಎನ್ನುತ್ತ ಚಿನ್ನಸ್ವಾಮಿ ಒಳಗಿನಿಂದ ತೆಳ್ಳಗಿನ ಒಂಟಿನಳಿಗೆಯೊಂದನ್ನು ತಂದ. "ಸಣ್ಣ ತೋಟಾ. ಒದೆಯೋದು ಕಮ್ಮಿ. ಹಿಂದೆ ರಬ್ಬರ್ ಬೇರೆ ಹಾಕಿ ಕೊಡ್ತೀನಿ."

ಮುತ್ತರಾಯಪ್ಪ ಅದನ್ನು ಭುಜಕ್ಕೆ ಆನಿಸಿದ. ಏನು ಹೇಳುವುದು! ಎಳೆಮಗು ಹೆಗಲಿಗೆ ಒರಗಿದ ಹಾಗೆ ಕೂತಿತು. ನೋವಿಲ್ಲ, ನಡುಕವಿಲ್ಲ. ಸಂಜೆಯ ಈಡು, ಅಟ್ಟಣೆ, ಅಶ್ವತ್ಥಪ್ಪನ ಪೆಚ್ಚು ಮೋರೆ ಎಲ್ಲವೂ ಕಣ್ಣಿಗೆ ಕಟ್ಟಿ ಅವನ ಕಣ್ಣಂಚು ಒದ್ದೆಯಾಯಿತು.

"ಇದೇ ಇರ್ಲಿ!" ಎಂದ.

"ಇರಿ ಪೆರಿಯವರೇ," ಎಂದು ಹಿರಿಯನನ್ನು ತಡೆದ ಚಿನ್ನಸ್ವಾಮಿ. "ನಿಮಗೆ ಸರಿ. ಅಮ್ಮಾಗೆ? ಕೋವಿ ಅಂದ್ರೆ ಚಪ್ಪಲಿ ಮಾದರಿ. ಆಳಿಲ್ದೆ ಅಳತೆ ಇಲ್ಲೆ."

"ನಾನಿಲ್ವಾ?" ಅಂಜಿನಮ್ಮ ಸೆರಗು ಸಿಕ್ಕಿಸಿ ಎದ್ದಳು. "ಕದಿರಕ್ಕ ನನ್ನಷ್ಟೇ ಅವ್ಳೆ. ತತ್ತಾ ಇತ್ಲಾಗೆ!" ಕೋವಿ ಹಿಡಿದು ನೋಡಿ ಮುಖ ಹಿಂಡಿದಳು. "ಅಯ್ಯಯ್ಯೋ, ಕಂಕುಳಿಗೆ ಚುಚ್ತದೆ. ಪಾಪ, ಅಕ್ಕನ್ನ ಸಾಯಿಸ್ಬುಡ್ತೀಯಾ? ಇಡೀನ ಮೂರು ಬೆರಳಷ್ಟು ಕುಯ್ಸು."

"ಬ್ಯಾಡ, ಬ್ಯಾಡ. ಅಭ್ಯಾಸ ಮಾಡ್ಕೊತಾಳೆ ಬುಡು..." ಮುತ್ತರಾಯಪ್ಪ ಗೋಗರೆದ.

"ಕೋವಿ ನಿಂಗಾ, ಅಕ್ಕಂಗಾ?"

ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕೋವಿ ಹೋಗುತ್ತದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಗರಗಸ ಮರದ ಹಿಡಿಯ ಮೇಲೆ ಓಡಾಡತೊಡಗಿತ್ತು. ರಬ್ಬರು ಕೂರಿಸಿ ಮುಗಿಯುವವರೆಗೂ ಅವನು ನೆಲಕ್ಕೆ ಬಿದ್ದ ಮರದ ಪುಡಿ ನೋಡುತ್ತ ಕೂತಿದ್ದ. ಅಂಜಿನಮ್ಮ ಮಾತ್ರ ಮುಂಚಿನ ಬಸ್ಸಿಗೇ ಊರು ಸೇರಿದಳು.

ಸಂಜೆ ಇವನು ಬಸ್ಸಿಳಿದು ಹೊಲದ ಹತ್ತಿರ ಬಂದರೆ ಊರಿಗೆ ಊರೇ ಕಾಯುತ್ತಿದೆ. ನಡುವೆ ಹಬ್ಬದ ಸೀರೆ ಉಟ್ಟು, ಕನಕಾಂಬರ ಮುಡಿದು ಕದಿರಮ್ಮ!

"ಕದಿರಕ್ಕ ಈಡು ಹಾರಿಸ್ತಾಳಂತೆ!" ಹುಡುಗರು ಕುಣಿಯುತ್ತಿದ್ದರು.

ಮುತ್ತರಾಯಪ್ಪ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ಆಗಲ್ಲ ಅಂದ್ಬುಡೇ."

"ಯಾಕನ್ಲಿ? ನಾನು ಕಲೀತೀನಿ ಅಂದ್ನಂತಲ್ಲ. ಬಸ್ಸೆಲ್ಲಾ ಕೇಳ್ಸ್ಕೊಂಡದೆ."

"ಲೈಸೆನ್ಸ್ ಇರಾದು ನನ್ ಹೆಸರಲ್ಲಿ!" ಎಂದು ಕೂಗಿ, ಎಲ್ಲರೆದುರು ಕೋವಿಯನ್ನು ತಾನೇ ಏರಿಸಿದ. ಕೊಯ್ದು ಮೊಂಡಾದ ಹಿಡಿ ಭುಜದ ಬದಲು ಎದೆಗೆ ಬಂತು. ತಲೆ ಬಗ್ಗಿಸಿ ಗುರಿ ನೋಡಹೋದರೆ ತನ್ನದೇ ಹೆಬ್ಬೆರಳು ಮೂಗಿಗೆ ಗುದ್ದಿ ಸೀನು ಬಂತು. ಅಶ್ವತ್ಥಪ್ಪ ಸೂರಿನ ಮೇಲಿನ ಈ ವರ್ಷದ ಕುಂಬಳಕಾಯಿಗೆ ಅಡ್ಡ ನಿಂತ.

"ಅಟ್ಟಣೆ ಬುಡಾದಾ ಮಾವ?"

ಕದಿರಮ್ಮ ಗಂಡನ ಮುಖ ನೋಡಿದಳು. ಅವನ ಕೈಯಿಂದ ಕೋವಿ ತೆಗೆದುಕೊಂಡಳು. ಅಷ್ಟು ವರ್ಷ ಅವನಿಗೆ ಮದ್ದು ತುಂಬಿ ಕೊಟ್ಟವಳು. ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುತ್ತರಾಯಪ್ಪ ತೋಟಾ ತೆಗೆದುಕೊಟ್ಟ. ಕೋವಿ ನೆಟ್ಟಗೆ ಆಕಾಶಕ್ಕೆ ಏರಿ ಢಂ ಎಂದಿತು. ಹೊಂಗೆ ಮರದ ಕಾಗೆಗಳೆಲ್ಲ ಎದ್ದವು. ಕುಂಬಳಕಾಯಿ ಇದ್ದಲ್ಲೇ ಇತ್ತು.

ಅಶ್ವತ್ಥಪ್ಪ ಕುಂಬಳಕಾಯಿ ಬಿಟ್ಟು ಪಕ್ಕಕ್ಕೆ ಸರಿದ. ಕೋವಿ ಹಿಡಿದು ಕದಿರಮ್ಮ ಅಟ್ಟಣೆ ಏರಿದಳು. ಅದು ತಮ್ಮ ಮನೆಗೇ ಉಳಿಯಿತಲ್ಲ ಎಂಬ ಹೆಮ್ಮೆಯಲ್ಲಿ ಮುತ್ತರಾಯಪ್ಪ ತಾನೂ ಏಣಿಗೆ ಕಾಲಿಟ್ಟ. ಮೇಲಿನಿಂದ ಕದಿರಮ್ಮ ಬಗ್ಗಿ ನೋಡಿದಳು.

"ಕೋವಿ ಇರೋರಿಗೆ ತಾನೇ ಅಟ್ಟಣೆ? ಲೈಸೆನ್ಸು ನೀನೇ ಜೋಬಲ್ಲಿ ಮಡಿಕ. ಯಾರಾನ ಕೇಳಿದ್ರೆ ತೋರ್ಸು."

ಯಾರೋ ಅವನ ಕೈಗೆ ಡಬ್ಬ ಕೊಟ್ಟರು. ಬದುವಿನ ಮೇಲೆ ಬಡಿಯುತ್ತ ಹೊರಟ. ಒಂದೊಂದು ಏಟಿಗೂ ಭುಜ ಸಿಡಿಯುತ್ತಿತ್ತು, ಹಲ್ಲು ಕಚ್ಚಿಕೊಂಡ. ಬೆಳಗಿನಿಂದ ಕಾಪಾಡಿದ ಗುಟ್ಟಾದರೂ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

ಆಗ ಅಟ್ಟಣೆಯ ಮೇಲಿನಿಂದ, ಹೊಲಗಳ ಆಚೆಗೂ ಕೇಳುವಂತೆ, ಕದಿರಮ್ಮನ ಅಕ್ಕರೆಯ ದನಿ ಬಂತು:

"ಇಕಾ, ಎಡಗೈಲಿ ಬಡಿ! ಬಲಗೈ ಎತ್ತಾಕ್ ಆಗಲ್ಲ ಅಂತ ವರ್ಷದಿಂದ ನರಳ್ತಾ ಇದ್ದೀಯ. ನಾನ್ ಎಣ್ಣೆ ಹಚ್ಚಿದ್ದೆಲ್ಲಾ ದಂಡ ಆಯ್ತದೆ!"

ಬದುಗಳ ಮೇಲಿನ ಡಬ್ಬಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ ರಾಗಿ ಹೊಲದ ಆಚೆಯಿಂದ ಅಂಜಿನಮ್ಮ ಕೂಗಿದಳು:

"ನಾಳೆ ಬಸ್ಸಿಗೆ ಬಾ ಮುತ್ತಣ್ಣ, ಅಗುರವಾಗಿರೋ ಡಬ್ಬ ನೋಡಾನ!"