ನಮ್ಮತ್ತೆಯವರನ್ನು ಒಂದು ಮಧ್ಯಾಹ್ನ ಸಾಯಿಸಿದ ಡೇಟಾ ಮಿತಿ

ಗೆ,
ಮುಖ್ಯಸ್ಥರು, ಗ್ರಾಹಕ ಸಂತೋಷ ವಿಭಾಗ,
ಮಿಂಚುದಾರಿ ಬ್ರಾಡ್‌ಬ್ಯಾಂಡ್ ಸಂಸ್ಥೆ.

ಮಾನ್ಯರೇ,

ತಮಗೂ, ತಮ್ಮ ಸಮಸ್ತ ಸಿಬ್ಬಂದಿಗೂ, ದೂರು ಹೇಳಲು ಫೋನ್ ಮಾಡಿದಾಗಲೆಲ್ಲ ಬೇಸರವಿಲ್ಲದೆ ನನಗೆ ಕೊಳಲು ಕೇಳಿಸುವ ತಮ್ಮ ಯಂತ್ರಕ್ಕೂ ಕೈಲಾಂಚದಿಂದ ರಾಧಾಮಣಿಯ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಇದು ಪತ್ರದಲ್ಲಿ ಎಲ್ಲರೂ ಬರೆಯುವ ಮಾತು ಎಂದು ತಾವು ಮುಂದಕ್ಕೆ ಓದಿಬಿಡಬಾರದು. ಹೋದ ತಿಂಗಳ ಕೊನೆಯ ಭಾನುವಾರ ನಮ್ಮತ್ತೆ ದೊಡ್ಡಲಕ್ಷ್ಮಮ್ಮನವರು ತೀರಿಕೊಂಡರೆಂದು ಮಾಗಡಿಯವರೆಗೂ ಸುದ್ದಿಯಾಗಿದ್ದುದರಿಂದ ಕ್ಷೇಮ ಎಂಬುದನ್ನು ನಾನು ಪೆನ್ನು ಒತ್ತಿಯೇ ಬರೆದಿದ್ದೇನೆ. ಆ ಸುದ್ದಿಗೆ ಕಾರಣ ತಾವು. ಅದಕ್ಕಾಗಿ ತಮ್ಮನ್ನು ಬೈಯಬೇಕೋ ಸನ್ಮಾನಿಸಬೇಕೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ಕಾರಣ, ಎರಡನ್ನೂ ಒಂದೇ ಪತ್ರದಲ್ಲಿ ಮುಗಿಸುತ್ತಿದ್ದೇನೆ.

ನಮ್ಮ ಮನೆ ದೊಡ್ಡ ಬಂಡೆಯೊಂದರ ಮಗ್ಗುಲಿಗಿದೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸುಳಿಯುವುದಿಲ್ಲ. ಯಾರೊಡನಾದರೂ ಮಾತಾಡಬೇಕಾದರೆ ಹುಣಸೆಮರದವರೆಗೂ ನಡೆದು, ಮರದ ಸುತ್ತ ಪ್ರದಕ್ಷಿಣೆ ಹಾಕಬೇಕಾಗಿತ್ತು. ಹಾಗಿರುವಾಗ ತಮ್ಮ ಸಂಸ್ಥೆಯ ಪರವಾಗಿ ತಂತಿ ಎಳೆಯುವ ರಾಮನಗರದ ಇದ್ರೀಸ್ ಬಂದು, ಬಣ್ಣದ ಕರಪತ್ರ ಕೊಟ್ಟು, "ವೈಫೈ ಹಾಕ್ಸಿದ್ರೆ ಮನೇಲೇ ಫೋನ್ ಬತ್ತೈತೆ ಅಕ್ಕ, ಅನ್‌ಲಿಮಿಟೆಡ್ಡು, ಎಷ್ಟಾದ್ರೂ ನೋಡ್ಕಳಿ" ಎಂದ. ಕರಪತ್ರದಲ್ಲಿಯೂ ಆ ಪದ ತೆಂಗಿನಕಾಯಿ ಗಾತ್ರದಲ್ಲಿ ಅಚ್ಚಾಗಿತ್ತು. ಅದರ ನೆತ್ತಿಯ ಮೇಲೆ ಸಾಸಿವೆ ಗಾತ್ರದ ಒಂದು ನಕ್ಷತ್ರವೂ ಇತ್ತಂತೆ. ನಾವು ಹಳ್ಳಿಯವರು, ನಕ್ಷತ್ರ ನೋಡಬೇಕಾದರೆ ಆಕಾಶ ನೋಡುತ್ತೇವೆ. ಕಾಗದದಲ್ಲಿ ಹುಡುಕುವ ರೂಢಿಯಿಲ್ಲ.

ತಂತಿ ಬಂದ ಮೇಲೆ ನಮ್ಮ ಮನೆಯಲ್ಲಿ ಹೊಸ ಕಳೆ ಬಂದಿತೆಂಬುದನ್ನು ಒಪ್ಪುತ್ತೇನೆ. ನಮ್ಮತ್ತೆಯವರು ಈ ಸೀಮೆಯಲ್ಲಿ ಸೋಬಾನೆ ಪದಕ್ಕೆ ಹೆಸರಾದವರು. ಹಿಂದೆ ಅವರು ಬಂದು ಹಸೆಗೆ ಕರೆಯುವ ಪದ ಎತ್ತದಿದ್ದರೆ ಎಷ್ಟೋ ಮನೆಗಳಲ್ಲಿ ಹೆಣ್ಣನ್ನು ಹಸೆಮಣೆಗೆ ಕೂರಿಸುತ್ತಿರಲಿಲ್ಲ. ಈಗಿನ ಮದುವೆಗಳಲ್ಲಿ ಡಿಜೆಯವರು ಬಂದು ಕುಳಿತ ಮೇಲೆ ಅತ್ತೆಯವರನ್ನು ಕರೆಯುವವರು ಕಡಿಮೆಯಾದರು. ಹಾಡು ಮಾತ್ರ ಅವರ ಗಂಟಲಲ್ಲೇ ಉಳಿಯಿತು. ಅದಕ್ಕೇ ನಾನು ಪ್ರತಿ ಭಾನುವಾರ ಮಧ್ಯಾಹ್ನ ಫೋನನ್ನು ರಾಗಿ ಡಬ್ಬಕ್ಕೆ ಒರಗಿಸಿ ಅವರನ್ನು ಲೈವ್‌ನಲ್ಲಿ ಹಾಡಿಸತೊಡಗಿದೆ. ಮೊದಲ ವಾರ ಕೇಳಿದವರು ನಾನು ಮತ್ತು ನನ್ನ ತಂಗಿ. ಆಮೇಲೆ ಚನ್ನಪಟ್ಟಣ, ಕನಕಪುರ, ಬೈರಮಂಗಲದ ಹೆಂಗಸರೆಲ್ಲ ಸೇರಿಕೊಂಡು, "ದೊಡ್ಡಮ್ಮ, ಆರತಿ ಪದ ಹೇಳಿ" ಎಂದು ಕೇಳುವಂತಾಯಿತು. ಭಾನುವಾರ ಬಂತೆಂದರೆ ಅತ್ತೆಯವರು ಹೂ ಮುಡಿದು, ಜರಿಸೀರೆ ಉಟ್ಟು, ಹನ್ನೊಂದಕ್ಕೇ ರಾಗಿ ಡಬ್ಬದ ಮುಂದೆ ಬಂದು ಕೂರುತ್ತಿದ್ದರು.

ಕೇಳುವವರ ಪೈಕಿ ಒಬ್ಬರು ಮಾತ್ರ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಅವರು ನಮ್ಮತ್ತೆಯ ಸ್ವಂತ ತಂಗಿ, ಕೆಂಪಾಪುರಕ್ಕೆ ಕೊಟ್ಟಿರುವ ಸರಸಮ್ಮ. ಮಗ ಲೋಕೇಶನ ಫೋನಿನಲ್ಲಿ, ಅವನ ಹೆಸರಿನಲ್ಲಿ, ಅವರು ಕದ್ದು ಕೇಳುತ್ತಿದ್ದರೆಂಬುದು ನಮಗಾರಿಗೂ ತಿಳಿದಿರಲಿಲ್ಲ. ಅಕ್ಕತಂಗಿಯರ ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ಕಾರಣ ಆಸ್ತಿಯಲ್ಲ, ಒಡವೆಯಲ್ಲ. ಯಾವುದೋ ಮದುವೆಯಲ್ಲಿ ಇಬ್ಬರೂ ಜೊತೆಗೂಡಿ ಹಾಡುತ್ತಿದ್ದಾಗ ಸರಸಮ್ಮ ತಟ್ಟನೆ ಹಾಡು ನಿಲ್ಲಿಸಿ, ಬೀಗರೆಲ್ಲರ ಎದುರಿಗೆ, "ಅಕ್ಕ, ಒಂದ್ ಸಾಲು ಬುಟ್ಟೆ ಕಣೆ" ಅಂದರಂತೆ. ನಮ್ಮತ್ತೆ ಅಲ್ಲಿಂದಲೇ ಎದ್ದು ಬಂದವರು. ನಡುವೆ ಎರಡು ಮದುವೆ, ಒಂದು ತಿಥಿ, ಊರ ಹಿರಿಯರ ಮೂರು ಪಂಚಾಯಿತಿ ಆದವು. ಯಾರಿಂದಲೂ ಈ ಗಂಟು ಬಿಚ್ಚಲಾಗಲಿಲ್ಲ.

ಇನ್ನು ತಮ್ಮ ಪಾತ್ರ. ಹೋದ ತಿಂಗಳ ಕೊನೆಯ ಭಾನುವಾರ ಅತ್ತೆಯವರು ಹೆಣ್ಣನ್ನು ತವರಿನಿಂದ ಕಳಿಸಿಕೊಡುವ ಪದ ಹಾಡುತ್ತಿದ್ದರು. ಆ ಪದದಲ್ಲಿ ಒಂದು ಕಡೆ ದನಿಯನ್ನು ಮೇಲಕ್ಕೇರಿಸಿ, ಕಣ್ಣನ್ನು ಸೂರಿನತ್ತ ತಿರುಗಿಸಿ, ಬಾಯಿ ಅಗಲಿಸಿ, ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಳ್ಳುವುದು ಅವರ ವಾಡಿಕೆ. ಸರಿಯಾಗಿ ಆ ಗಳಿಗೆಯಲ್ಲಿ ತಮ್ಮ ಸಂಸ್ಥೆಯು ನಮ್ಮ ತಿಂಗಳ ಡೇಟಾ ಮಿತಿ ಮುಗಿಯಿತೆಂದು ನಿರ್ಧರಿಸಿ, ವೇಗವನ್ನು ಇಳಿಸಿಬಿಟ್ಟಿತು. ನಮ್ಮ ಕಡೆ ಆದದ್ದು ಇಷ್ಟೇ: ಫೋನಿನಲ್ಲಿ ಒಂದು ಉಂಗುರ ಸುತ್ತತೊಡಗಿತು, ನಾನು "ನೆಟ್ ಮುಗೀತು ಅತ್ತೆ" ಎಂದೆ, ಅವರು "ಮಗೀನ್ ಕಳ್ಸೋ ಹೊತ್ನಾಗೇ ಮುಗೀಬೇಕಾ ಇದ್ಕೆ?" ಎಂದು ಬೈದು, ಜರಿಸೀರೆ ಬಿಚ್ಚಿಟ್ಟು ಹಳೇ ಸೀರೆ ಉಟ್ಟು ಕೊಟ್ಟಿಗೆಗೆ ಹೋದರು.

ಕೇಳುತ್ತಿದ್ದವರ ಕಡೆ ಆದದ್ದು ಬೇರೆ. ಎದೆಯ ಮೇಲೆ ಕೈ, ಮೇಲೆ ಸಿಕ್ಕಿಕೊಂಡ ಕಣ್ಣು, ತೆರೆದ ಬಾಯಿ, ಇದ್ದಕ್ಕಿದ್ದಂತೆ ನಿಂತುಹೋದ ದನಿ. ಆ ಚಿತ್ರ ಅಲ್ಲಾಡದೆ ನಿಂತು, ಒಂದಷ್ಟು ಹೊತ್ತಿನ ಮೇಲೆ ಮಾಯವಾಯಿತಂತೆ. ಯಾರೋ ಮೊದಲು "ದೊಡ್ಡಮ್ಮಂಗೆ ಏನಾಯ್ತು?" ಎಂದು ಬರೆದರು. ಇನ್ಯಾರೋ "ಹಾರ್ಟು" ಎಂದರು. ಮತ್ತೊಬ್ಬರು ಪ್ರಶ್ನೆಯನ್ನೆಲ್ಲ ಬಿಟ್ಟು ನೇರವಾಗಿ "ಓಂ ಶಾಂತಿ" ಎಂದೇ ಬರೆದರು. ಅಲ್ಲಿಂದಾಚೆಗೆ ಬರೆದವರೆಲ್ಲರೂ ಓಂ ಶಾಂತಿಯನ್ನೇ ಬರೆದರು. ವಿಚಾರಿಸೋಣವೆಂದು ಫೋನ್ ಮಾಡಿದವರಿಗೆ ನಾವು ಸಿಗಲಿಲ್ಲ, ಏಕೆಂದರೆ ನಮ್ಮ ಮನೆಗೆ ಫೋನ್ ಬರುವುದೂ ತಮ್ಮ ತಂತಿಯ ಮೇಲೆಯೇ, ಆ ತಂತಿಯೋ ಕುಂಟೆತ್ತಿನ ಗಾಡಿಗಿಂತ ನಿಧಾನವಾಗಿತ್ತು. ಫೋನ್ ಎತ್ತದ ಮನೆಯಲ್ಲಿ ಅಳು ಜೋರಾಗಿರಬೇಕೆಂದು ಎಲ್ಲರೂ ನಂಬಿದರು.

ನನ್ನ ಯಜಮಾನರು ಚೆಲುವಯ್ಯನವರು ಊಟ ಮಾಡಿ ಜಗುಲಿಯ ಮೇಲೆ ಅಡ್ಡಾಗಿದ್ದಾಗ ಕಾರೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಲೋಕೇಶ ಕೈಯಲ್ಲಿ ದೊಡ್ಡ ಹಾರ ಹಿಡಿದು ಇಳಿದ. ಅವನ ಹಿಂದೆ ಸರಸಮ್ಮ, ಬಿಚ್ಚಿದ ತುರುಬು, ಬರಿಗಾಲು, "ನನ್ನ ಒಂದ್ ಮಾತೂ ಆಡಿಸ್ದಂಗೆ ಹೊಂಟೋದ್ಯಲ್ಲೇ ಅಕ್ಕಾ" ಎಂದು ಎದೆ ಬಡಿದುಕೊಳ್ಳುತ್ತ ಬಂದರು. ಯಜಮಾನರು ಅರೆನಿದ್ದೆಯಲ್ಲಿ ಎದ್ದು, ಚಿಕ್ಕಮ್ಮ ಅಳುತ್ತಿರುವುದನ್ನು ನೋಡಿ, ಅವರ ಊರಲ್ಲೇ ಯಾರೋ ಹೋದರೆಂದು ತಿಳಿದು, ತಾವೂ ಅಳಲು ಶುರುಮಾಡಿದರು. ಅವರು ಅತ್ತದ್ದನ್ನು ಕಂಡು ಲೋಕೇಶನಿಗೆ ಸಾವು ಖಚಿತವಾಯಿತು. ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಗದ್ದಲ ಕೇಳಿ ಅತ್ತೆಯವರು ಸಗಣಿ ಮಂಕರಿ ಹಿಡಿದು ಕೊಟ್ಟಿಗೆಯಿಂದ ಈಚೆ ಬಂದರು. "ಯಾರ್ಲಾ ಸತ್ತೋಗಿರೋದು?" ಎಂದರು.

ಸರಸಮ್ಮ ತಿರುಗಿ ನೋಡಿ, ಅಳುವನ್ನು ಅಷ್ಟು ಬೇಗ ನಿಲ್ಲಿಸಲಾಗದೆ ಅದೇ ರಾಗದಲ್ಲಿ, "ನೀನೇ ಕಣಕ್ಕಾ!" ಎಂದರು.

"ನಾನ್ಯಾಕ್ ಸಾಯ್ಲಿ? ಈ ಸಗಣಿ ಬಾಚೋರ್ಯಾರು?"

ಮಾನ್ಯರೇ, ಆಮೇಲಿನದನ್ನು ಬರೆಯುವಾಗ ನನ್ನ ವ್ಯಂಗ್ಯವೆಲ್ಲ ಎಲ್ಲಿಗೋ ಹೋಗಿಬಿಡುತ್ತದೆ. ಸರಸಮ್ಮ ಓಡಿಹೋಗಿ ಅಕ್ಕನ ಕೆನ್ನೆ, ತೋಳು, ಬೆನ್ನು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಅತ್ತೆಯವರು ಮಂಕರಿಯನ್ನು ಕೆಳಗಿಡಲೂ ಇಲ್ಲ, ತಂಗಿಯನ್ನು ಸರಿಸಲೂ ಇಲ್ಲ. ಕೊನೆಗೆ, "ಕೈಕಾಲ್ ತೊಳ್ಕೋ ಸರಸಿ. ಉಂಡಿದ್ದೀಯ?" ಎಂದು ಕೇಳಿದರು.

"ಸಾವಿನ್ ಮನೆಗೆ ಯಾರಕ್ಕ ಉಂಡ್ಕೊಂಡ್ ಬತ್ತಾರೆ?"

ಅತ್ತೆಯವರಿಗೆ ನಗು ಬಂತು. ಹನ್ನೊಂದು ವರ್ಷ ತಂಗಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವರು ಹೊಟ್ಟೆ ಹಿಡಿದು ನಕ್ಕರು, ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮುದ್ದೆ ತೊಳಸಿ, ಇದ್ದ ಸೊಪ್ಪಿನ ಸಾರನ್ನೇ ಬಿಸಿ ಮಾಡಿ ಬಡಿಸಿದೆ. ಊಟದ ನಡುವೆ ಅತ್ತೆಯವರು ತಲೆಯೆತ್ತದೆ, "ನನ್ ಪದ ಕೇಳ್ತಿದ್ದಾ?" ಎಂದರು. "ಒಂದ್ ವಾರಾನೂ ಬುಟ್ಟಿಲ್ಲ ಕಣಕ್ಕ" ಎಂದರು ಸರಸಮ್ಮ. ಅತ್ತೆಯವರು ತುತ್ತು ನುಂಗಿ ಮತ್ತೆ, "ಅವತ್ತು ಒಂದ್ ಸಾಲು ಬುಟ್ಟೆ ಅಂದ್ಯಲ್ಲ, ಯಾವ್ದೇ ಅದು?" ಎಂದರು. ಸರಸಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಬಹಳ ಹೊತ್ತು ಯೋಚಿಸಿದರು. "ನಂಗೂ ಮರ್ತೋಗೈತೆ ಕಣಕ್ಕ" ಎಂದರು.

ಲೋಕೇಶ ತಂದಿದ್ದ ಹಾರದ ಪ್ರಶ್ನೆ ಉಳಿಯಿತು. ಸಾವಿಗೆಂದು ತಂದದ್ದನ್ನು ವಾಪಸ್ ಮನೆಗೆ ಒಯ್ಯಬಾರದು. ಅತ್ತೆಯವರು ಅದನ್ನು ಇಸಿದುಕೊಂಡು, ಗೋಡೆಯ ಮೇಲಿದ್ದ ತಮ್ಮ ಸಂಸ್ಥೆಯ ವೈಫೈ ಪೆಟ್ಟಿಗೆಗೆ ಹಾಕಿ, "ನಿಜವಾಗ್ ಸತ್ತಿರೋದು ಇದೇ" ಎಂದರು. ಮರುದಿನ ನನ್ನ ದೂರಿನ ಮೇರೆಗೆ ಬಂದ ಇದ್ರೀಸ್ ಹಾರ ಕಂಡು, ತಮ್ಮ ಸೇವೆಯನ್ನು ಮೆಚ್ಚಿ ಪೂಜೆ ಮಾಡಿದ್ದೇವೆಂದು ತಿಳಿದು ಕೈಮುಗಿದ.

ಈ ಮಿತಿಯ ಬಗ್ಗೆ ನಮ್ಮ ಜಗುಲಿಯಲ್ಲಿ ದೊಡ್ಡ ಚರ್ಚೆಯೇ ಆಯಿತೆಂಬುದನ್ನು ತಮ್ಮ ಗಮನಕ್ಕೆ ತರಬೇಕು. ಇದ್ರೀಸ್ ತಮ್ಮ ಪರವಾಗಿ ಚೆನ್ನಾಗಿಯೇ ವಾದಿಸಿದ. "ಮೊದ್ಲು ಮಿತಿ ಇರ್ಲಿಲ್ಲ ಅಕ್ಕ. ಮೇಲ್ಗಡೆ ನಾಕ್ ಮನೆಯೋರು ಹಗಲೂ ರಾತ್ರಿ ಎಳೀತಿದ್ರು, ಕಡೇ ಮನೆಗೆ ಏನೂ ಬತ್ತಿರ್ಲಿಲ್ಲ. ನಲ್ಲಿ ನೀರಿದ್ದಂಗೆ ಇದು" ಎಂದ. ಆ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಆದರೆ ನನ್ನ ಯಜಮಾನರು, "ಪಂಚಾಯ್ತಿಯೋರು ನಲ್ಲಿ ಮೇಲೆ ಅನ್‌ಲಿಮಿಟೆಡ್ ಅಂತ ಬೋರ್ಡ್ ಹಾಕಿಲ್ವಲ್ಲಪ್ಪ" ಎಂದರು. ಅವರು ಇಷ್ಟು ಒಳ್ಳೆಯ ಮಾತಾಡಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಆದರೆ ಆ ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ಇದ್ರೀಸ್ ತನ್ನ ಫೋನಿನಲ್ಲಿ ಏನನ್ನೋ ಒತ್ತಿ ನೋಡಿ, "ನಿಮ್ ಡೇಟಾ ಮುಗಿಸಿರೋದು ಅಜ್ಜಿ ಪದ ಅಲ್ಲಕ್ಕ, ನಿಮ್ ಹಸು" ಎಂದ. ಯಜಮಾನರು ಕಳ್ಳರ ಭಯಕ್ಕೆಂದು ಕೊಟ್ಟಿಗೆಯಲ್ಲಿ ಹಾಕಿಸಿದ್ದ ಕ್ಯಾಮೆರಾ, ನಮ್ಮ ಹಸು ಮೆಲುಕು ಹಾಕುವುದನ್ನು ಹಗಲಿರುಳೂ ಚಿತ್ರ ತೆಗೆದು ಯಾವುದೋ ದೂರದ ಕಂಪ್ಯೂಟರಿಗೆ ಕಳಿಸುತ್ತಲೇ ಇತ್ತಂತೆ. ತಿಂಗಳೆಲ್ಲ ಹಾಡಿದ ಪದ ಒಂದು ಚಿಟಿಕೆಯಾದರೆ, ಹಸುವಿನ ಮೆಲುಕು ಒಂದು ಮೂಟೆ. ಅತ್ತೆಯವರು ಮಗನನ್ನು ನೋಡಿದ ನೋಟಕ್ಕೆ ಯಜಮಾನರು ಎದ್ದು ಹೋಗಿ ಕ್ಯಾಮೆರಾದ ವೈರು ಕಿತ್ತು ಬಂದರು.

ಆದ್ದರಿಂದ ತಪ್ಪೆಲ್ಲವೂ ತಮ್ಮದೆಂದು ನಾನು ವಾದಿಸುವುದಿಲ್ಲ. ಮಿತಿ ಇರಲಿ, ನಮ್ಮ ಬದುಕಿನಲ್ಲಿ ಮಿತಿಯಿಲ್ಲದ್ದು ಯಾವುದಿದೆ? ಮಿತಿ ಇದೆ ಎಂಬುದನ್ನು ಮಾತ್ರ ಅನ್‌ಲಿಮಿಟೆಡ್ಡಿನಷ್ಟೇ ದಪ್ಪ ಅಕ್ಷರದಲ್ಲಿ ಹೇಳಿರಿ. ಮುಗಿಯುವ ಮುನ್ನ ಒಂದು ಮಾತು ತಿಳಿಸಿರಿ, ಹಾಲಿನವನು ಕೂಡ ನಾಳೆ ಬರುವುದಿಲ್ಲವೆಂದರೆ ಇವತ್ತೇ ಹೇಳಿಹೋಗುತ್ತಾನೆ. ನಿಲ್ಲಿಸಲೇಬೇಕೆಂದಿದ್ದರೆ ಹಾಡುವವರು ಸಾಲು ಮುಗಿಸಿ ಉಸಿರೆಳೆದುಕೊಳ್ಳುವವರೆಗಾದರೂ ಕಾಯುವ ಒಬ್ಬ ಸಂಗೀತ ಬಲ್ಲ ಅಧಿಕಾರಿಯನ್ನು ತಮ್ಮ ಕಚೇರಿಯಲ್ಲಿ ನೇಮಿಸಿರಿ. ಅದೂ ಆಗದಿದ್ದರೆ ಹಾಡುವವರ ಬಾಯಿ ಮುಚ್ಚಿರುವ, ಕಣ್ಣು ನೆಟ್ಟಗಿರುವ, ನಾಲ್ಕು ಜನ ನೋಡಿದರೆ ಜೀವವಿದೆ ಎನ್ನಬಹುದಾದ ಭಂಗಿಯಲ್ಲಿ ನಿಲ್ಲಿಸಿರಿ. ಹಸುವಿನ ಪಾಲನ್ನು ಬೇರೆ ಲೆಕ್ಕದಲ್ಲಿ ಬರೆದುಕೊಳ್ಳಲು ಸಾಧ್ಯವೇ ಎಂಬುದನ್ನೂ ಪರಿಶೀಲಿಸಬೇಕೆಂದು ಯಜಮಾನರ ಪ್ರತ್ಯೇಕ ಕೋರಿಕೆ.

ತಮಗೆ ಕೃತಜ್ಞತೆ ಹೇಳುವುದೂ ಬಾಕಿಯಿದೆ. ಇದ್ರೀಸ್ ಕೈಯಿಂದಲೇ ಹೆಚ್ಚುವರಿ ಪ್ಯಾಕ್ ಹಾಕಿಸಿ ತಂತಿಗೆ ಮತ್ತೆ ಜೀವ ಬರಿಸಿದಾಗ ತಡೆದಿದ್ದ ಸಂತಾಪಗಳೆಲ್ಲ ಒಟ್ಟಿಗೆ ನುಗ್ಗಿ ಬಂದವು. ಹಾಲಿನ ಡೇರಿಯವರು ಅತ್ತೆಯವರ ಫೋಟೋದ ಎರಡೂ ಬದಿಗೆ ದೀಪ ಹಚ್ಚಿ ಕಳಿಸಿದ್ದರು. ಅತ್ತೆಯವರು ಒಂದೊಂದನ್ನೂ ನನ್ನಿಂದ ಓದಿಸಿ, "ಇಷ್ಟೊಂದ್ ಜನ ಕೇಳ್ತಿದ್ರಾ ನನ್ ಪದಾನ?" ಎಂದು ಎರಡೆರಡು ಸಲ ಕೇಳಿದರು. ಬದುಕಿರುವಾಗಲೇ ಆ ಮಾತುಗಳನ್ನು ಕೇಳುವ ಭಾಗ್ಯ ಎಷ್ಟು ಹಾಡುಗಾರ್ತಿಯರಿಗಿದೆ? ತಮ್ಮ ಸಂಸ್ಥೆಯಿಂದಲೂ "ತಮಗಾದ ಅಡಚಣೆಗೆ ವಿಷಾದಿಸುತ್ತೇವೆ" ಎಂಬ ಸಂದೇಶ ಬಂದಿತ್ತು. ಸತ್ತವರಿಗೇ ನೇರವಾಗಿ ವಿಷಾದ ತಿಳಿಸಿದವರು ತಾವೊಬ್ಬರೇ.

ಸರಸಮ್ಮನವರು ಇನ್ನೂ ನಮ್ಮಲ್ಲೇ ಇದ್ದಾರೆ. ಬೆಳಿಗ್ಗೆ ಇಬ್ಬರೂ ಎಲೆಯಡಿಕೆ ಜೊತೆ ಕಡ್ಡಿಪುಡಿ ಹಾಕಿಕೊಂಡು ಜಗುಲಿಯಲ್ಲಿ ಕೂತರೆ, ಒಬ್ಬರು ಎತ್ತಿದ ಪದವನ್ನು ಇನ್ನೊಬ್ಬರು ಮುಂದುವರಿಸುತ್ತಾರೆ. ಯಾರು ಯಾವ ಸಾಲು ಬಿಟ್ಟರೂ ಯಾರೂ ನಿಲ್ಲಿಸುವುದಿಲ್ಲ. ಮೂರು ಪಂಚಾಯಿತಿಗಳು ಬಿಚ್ಚಲಾರದ ಗಂಟನ್ನು ತಾವು ಒಂದು ಉಂಗುರ ಸುತ್ತಿಸಿ ಬಿಚ್ಚಿದಿರಿ. ಇದಕ್ಕಾಗಿ ತಮಗೆ ಶಾಲು ಹೊದಿಸಬೇಕೆಂದಿದ್ದೇವೆ. ಶಾಲು ಕೂಡ ಅನ್‌ಲಿಮಿಟೆಡ್ಡೇ. ಅರ್ಧ ಮೈಗೆ ಬರುವಷ್ಟು ಇರುತ್ತದೆ, ಉಳಿದರ್ಧ ಮುಂದಿನ ತಿಂಗಳು.

ಇಂತಿ ತಂತಿಯ ಕಡೇ ಮನೆಯಿಂದ,
ತಮ್ಮ ವಿಶ್ವಾಸಿ,
ರಾಧಾಮಣಿ ಚೆಲುವಯ್ಯ, ಕೈಲಾಂಚ

ವಿ.ಸೂ.: ಮದುವೆಗಳಲ್ಲಿ ಗಂಡಿನ ಕಡೆಯವರನ್ನು ಹೆಸರು ಹಿಡಿದು ಗೇಲಿ ಮಾಡುವ ಬೀಗರ ಪದವೆಂಬುದನ್ನು ತಾವು ಕೇಳಿರಬಹುದು. ಅಕ್ಕತಂಗಿಯರು ಸೇರಿ ತಮ್ಮ ಸಂಸ್ಥೆಯ ಮೇಲೆ ಅಂಥದ್ದೊಂದನ್ನು ಕಟ್ಟಿದ್ದಾರೆ. ಬರುವ ತಿಂಗಳ ಮೊದಲ ಭಾನುವಾರ, ಡೇಟಾ ತುಂಬಿ ತುಳುಕುವಾಗ, ಲೈವ್‌ನಲ್ಲಿ ಹಾಡಲಿದ್ದಾರೆ. ಪಲ್ಲವಿಗೆ ತಮ್ಮ ಹೆಸರೊಂದು ಬೇಕಾಗಿದೆ. ಎಷ್ಟು ಸಲ ಕೇಳಿದರೂ ಫೋನಿನವರು "ಗ್ರಾಹಕ ಸಂತೋಷ ವಿಭಾಗ" ಎಂದಷ್ಟೇ ಹೇಳುತ್ತಾರೆ, ಅದು ಯಾವ ಪ್ರಾಸಕ್ಕೂ ಕೂರುವುದಿಲ್ಲ. ದಯವಿಟ್ಟು ಹೆಸರು ತಿಳಿಸಿರಿ. ತಿಳಿಸದಿದ್ದರೆ ಅತ್ತೆಯವರು ತಾವೇ ಒಂದು ಹೆಸರಿಡುವುದಾಗಿ ಹೇಳಿದ್ದಾರೆ; ಅವರು ಇಟ್ಟ ಹೆಸರು ಹಾರೋಹಳ್ಳಿಯಿಂದ ಮಾಗಡಿಯವರೆಗೆ ಈವರೆಗೂ ಯಾರಿಗೂ ಅಳಿಸಿಕೊಳ್ಳಲಾಗಿಲ್ಲ.