ಕಣ್ಣನ್ನು ಎಲ್ಲಿಡುವುದು

ಪ್ರಜನನದ ಪಾಠ ಮಾಡುವಾಗ ಬಾಯಿಗೆ ಮಾತು ಸಿಗುತ್ತದೆ, ಪುಸ್ತಕದಲ್ಲೇ ಇದೆ. ಕಣ್ಣಿಗೆ ಮಾತ್ರ ಜಾಗ ಸಿಗುವುದಿಲ್ಲ. ಹನೂರಿನ ಕಡೆಯ ಪ್ರೌಢಶಾಲೆಯೊಂದರ ವಿಜ್ಞಾನ ಮೇಷ್ಟರಾದ ನಾನು ಹಿಂದಿನ ಗೋಡೆಯ ಗಡಿಯಾರವನ್ನೇ ನೋಡುತ್ತಾ ಅಷ್ಟನ್ನೂ ಹೇಳಿ ಮುಗಿಸುತ್ತಿದ್ದೆ. ಆ ಗಡಿಯಾರ ನಿಂತು ಯಾವ ಕಾಲವಾಯಿತೋ! ಹಾಗಾಗಿ ನನ್ನ ಪಾಠ ಶುರುವಾದ ಹೊತ್ತಿಗೇ ಮುಗಿಯುತ್ತಿತ್ತು.

ಈ ಸಲ ಪಾಠವಾದ ಮರುದಿನದಿಂದ ಹತ್ತನೇ ತರಗತಿಯ ಕಾವೇರಿ ಶಾಲೆಗೆ ಬರಲಿಲ್ಲ. ಅವಳ ಹೆಸರು, ಊರು, ಬೆಂಚು ಯಾವುದನ್ನೂ ಇಲ್ಲಿ ನಿಜವಾಗಿ ಬರೆದಿಲ್ಲ. ಉಳಿದದ್ದನ್ನು ನನ್ನ ನೆನಪೇ ಬದಲಾಯಿಸಿರುತ್ತದೆ. ಕೊನೆಗೆ ಅವಳ ತಾಯಿ ಕಾಮಗೆರೆಯಿಂದ ಬಂದರು.

“ಸಾ, ಎಣ್ಣಾದೋರೆಲ್ಲ ಈ ವಯ್ಸಿಗೆ ಮುಟ್ಟಾಯ್ತಾರೆ ಅಂದ್ರಂತಲ್ಲ. ನನ್ ಮಗಳು ಆಗಾಕಿಲ್ಲ. ಉಟ್ಟಿದಾಗಿಂದ ಮೈಯೇ ಅಂಗೆ, ಕಾಯ್ಲೆ ಅಲ್ಲ ಅಂತ ಡಾಕ್ಟ್ರು ಯೋಳವ್ರೆ. ‘ನಾನು ಪುಸ್ತಕದಲ್ಲೇ ಇಲ್ಲ ಕಣವ್ವ, ಇಸ್ಕೂಲಿಗ್ಯಾಕೆ ಓಗ್ಲಿ’ ಅಂತಾಳೆ. ಅವಳಂಥೋರ್ನೂ ಸೇರ್ಸಿ ಇನ್ನೊಂದ್ಸಲ ಪಾಟ ಮಾಡಿ ಸಾ. ಎಸ್ರು ಮಾತ್ರ ಬರ್‍ಬಾರ್ದು. ಯಾರಾರ ಆಡ್ಕಂಡ್ರೆ ಓದೇ ಬಿಟ್ಬುಡ್ತಾಳೆ.”

ಪುಸ್ತಕದಲ್ಲಿಲ್ಲದ ಇಷ್ಟನ್ನು ಸೇರಿಸಿ ಪಾಠ ಮಾಡಲೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. “ಪರೀಕ್ಷೆಗೆ ಬರುತ್ತೇನ್ರೀ?” ಎಂದರು. ಇಲ್ಲ ಎಂದೆ. “ಹಾಗಾದ್ರೆ ಮಾಡಿ, ಯಾರೂ ಕೇಳಿಸಿಕೊಳ್ಳಲ್ಲ.”

ಮಾಡಿದೆ. ಕಾವೇರಿಯೂ ಬಂದಿದ್ದಳು. ಕೆಲವರ ದೇಹ ಹುಟ್ಟಿನಿಂದಲೇ ಗಂಡು, ಹೆಣ್ಣು ಎಂಬ ನಮ್ಮ ಎರಡು ಪಟ್ಟಿಗಳಿಗೆ ಪೂರ್ತಿ ಹೊಂದುವುದಿಲ್ಲ, ಅವರನ್ನು ಅಂತರ್‌ಲಿಂಗ ವ್ಯಕ್ತಿಗಳು ಎನ್ನುತ್ತಾರೆ, ಅದು ತಪ್ಪೂ ಅಲ್ಲ, ಶಾಪವೂ ಅಲ್ಲ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, “ಅಂಥೋರು ಎಲ್ಲವ್ರೆ ಸಾ, ಗೋಪಿನಾಥಂ ಕಾಡಲ್ಲಾ?” ಎಂದ. ಎಲ್ಲರೂ ನಕ್ಕರು. “ಎಲ್ಲ ಊರಲ್ಲೂ ಇರ್ತಾರೆ ಕಣಯ್ಯ” ಎಂದೆ. ಕಾವೇರಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಆಮೇಲಿನ ದಿನಗಳಲ್ಲೂ ಅವಳನ್ನು ನೋಡಲಿಲ್ಲ, ಪ್ರಶ್ನೆ ಕೇಳಲಿಲ್ಲ, ಬೈಯಲಿಲ್ಲ. ಗುಟ್ಟು ಕಾಯುವುದರಲ್ಲಿ ನನ್ನಂಥವನಿಲ್ಲ ಎಂದು ಬೀಗಿದೆ.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು.

“ಎಲ್ರಿಗೂ ಗೊತ್ತಾಗೋಯ್ತು ಸಾ.”

“ನಾನು ಹೆಸರೇ ಎತ್ತಲಿಲ್ಲವಲ್ಲಮ್ಮ!”

“ಎತ್ಲಿಲ್ಲ. ಕ್ಲಾಸಲ್ಲಿ ನೀವು ಬೈಯ್ದೇ ಇರೋದು ನನ್ನೊಬ್ಳನ್ನೇ. ‘ಸಾ ಯಾರ್ ಕಡೆ ನೋಡಾಕಿಲ್ವೋ ಅವ್ಳೇ ಕಣ್ಲಾ’ ಅಂತ ಉಡುಗ್ರು ನಗ್ತಾವ್ರೆ. ನಾಳೆ ಒಂದಿನ ಬತ್ತೀನಿ, ಎಲ್ರಂಗೇ ನನ್ನೂ ಬೈಯ್ತೀರಾ ನೋಡ್ತೀನಿ. ಇಲ್ದಿದ್ರೆ ಇಸ್ಕೂಲೇ ಬ್ಯಾಡ.”

ಇವತ್ತು ಬಂದಳು. ಹೋಂವರ್ಕ್ ಮಾಡಿರಲಿಲ್ಲ. ಎಲ್ಲರಿಗೂ ಬೈದಷ್ಟೇ ಅವಳಿಗೂ ಬೈಯಬೇಕು, ಒಂದು ಗುಲಗಂಜಿಯೂ ಹೆಚ್ಚುಕಡಿಮೆಯಾಗಬಾರದು ಎಂದು ರಾತ್ರಿಯೆಲ್ಲ ಮನೆಯ ಕನ್ನಡಿಗೆ ಬೈದು ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಗಂಟಲು ಸರಿಮಾಡಿಕೊಂಡು ಕತ್ತೆತ್ತಿದೆ. ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು. ಇಡೀ ತರಗತಿ, ನಾನು ನೋಡದ ಕಡೆಗೇ ತಿರುಗಿತು.