ಗಿಳಿಹಸಿರು ಅಂಗಿ ಮತ್ತು ಎರಡು ಕಣ್ಣು

ಕುಬೇಂದ್ರನ್: ದೂರದ್ದೇ ಹಾಕಿಸ್ಕೋ ಅಂದೆ, ಅಷ್ಟೆ.

ತುಳಸಿಬಾಯಿ: ಹತ್ತಿರದ್ದು. ಕಣ್ಣು ಯಾರದು?

ಕುಬೇಂದ್ರನ್: ಕಣ್ಣು ನಿಂದು. ಅಂಗಿ ನಂದು.

(ಮದುರೆಯ ಕಣ್ಣಾಸ್ಪತ್ರೆಯ ಬೆಂಚು. ತುಳಸಿಬಾಯಿಗೆ ನಾಲ್ಕು ಬೆರಳಿನ ಆಚೆ ಲೋಕವಿಲ್ಲ. ದಪ್ಪ ಕನ್ನಡಕ ಹಾಕಿದರೂ ದೂರದ್ದೆಲ್ಲ ಮಂಜು. ಕಣ್ಣೊಳಗಿನ ಮಸೂರ ತೆಗೆದು ಹೊಸದು ಕೂರಿಸುತ್ತಾರೆ. ಅದು ದೂರಕ್ಕೆ ಬೇಕೋ, ಹತ್ತಿರಕ್ಕೆ ಬೇಕೋ ಎಂದು ಕೇಳಿ ನರ್ಸ್ ಪೇಚಿಯಮ್ಮ ಒಳಗೆ ಹೋಗಿದ್ದಾಳೆ. ಗಂಡ ಕುಬೇಂದ್ರನ್ ಮೈಮೇಲೆ ಗಿಳಿಹಸಿರು ಅಂಗಿ.)

ತುಳಸಿಬಾಯಿ: ಬಣ್ಣದಲ್ಲಿ ಅದ್ದೋ ಮುಂಚೆ ಸುಂಗುಡಿ ಸೀರೆಗೆ ಚುಕ್ಕಿ ಬೀಳೋ ಹಾಗೆ ಸಾಸಿವೆಯಷ್ಟು ಗಂಟು ಕಟ್ಟೋಳು ನಾನು. ಬಟ್ಟೆ ಮೂಗಿಗೆ ತಾಗಿಸ್ಕೊಂಡ್ರೆ ಎಳೆ ಎಳೆ ಕಾಣತ್ತೆ. ಅದನ್ನ ಕಳ್ಕೊಂಡು ದೂರದಲ್ಲಿ ಏನು ನೋಡ್ಲಿ?

ಕುಬೇಂದ್ರನ್: ನನ್ನನ್ನ.

ತುಳಸಿಬಾಯಿ: ಕಾಣ್ತೀರಲ್ಲ, ಹಸಿರಾಗಿ.

ಕುಬೇಂದ್ರನ್: ನಿನಗೆ ಗುರುತು ಸಿಗಲಿ ಅಂತ ಮದುವೆಯಾದಾಗಿಂದ ಇದೇ ಬಣ್ಣ ಕಣೇ. ಸಾವಿನ ಮನೆಗೂ ಇದೇ. ಬೀದೀಲಿ ಗಿಳಿಮಾಮ ಅಂತಾರೆ. ಸಾಯೋದ್ರೊಳಗೆ ಒಂದು ಬಿಳಿ ಅಂಗಿ ಹಾಕ್ಕೋಬೇಕು.

ತುಳಸಿಬಾಯಿ: ಒಂದು ಸಲ ಹಾಕಿದ್ರಲ್ಲ, ಏನಾಯ್ತು?

ಕುಬೇಂದ್ರನ್: ಹೂವಿನ ಮಾರ್ಕೆಟ್ಟಿಂದ ನೀನು ಇನ್ಯಾರದೋ ಕೈ ಹಿಡ್ಕೊಂಡು ಮನೆಗೆ ಬಂದೆ.

ತುಳಸಿಬಾಯಿ: ದಾರೀಲಿ ಅವ್ರು ಜಗಳ ಆಡ್ಲಿಲ್ಲ. ಆಗಲೇ ಅನುಮಾನ ಬಂತು.

ಕುಬೇಂದ್ರನ್: ಅನುಮಾನ ಬಂದಮೇಲೂ ಕಾಫಿ ಕೊಟ್ಟೆ.

ತುಳಸಿಬಾಯಿ: ಚೀಲ ಹೊತ್ಕೊಂಡು ಬಂದಿದ್ರು, ಪಾಪ.

(ಪೇಚಿಯಮ್ಮ ಬಂದಳು.)

ಪೇಚಿಯಮ್ಮ: ಏನಮ್ಮಾ, ತೀರ್ಮಾನ ಆಯ್ತಾ?

ಕುಬೇಂದ್ರನ್: ದೂರ.

ತುಳಸಿಬಾಯಿ: ಹತ್ತಿರ.

ಪೇಚಿಯಮ್ಮ: ನಿಮ್ಮ ಗಲಾಟೆ ಡಾಕ್ಟರಿಗೂ ಕೇಳಿಸ್ತು. ಒಂದು ಕಣ್ಣಿಗೆ ಹತ್ತಿರದ್ದು, ಇನ್ನೊಂದಕ್ಕೆ ದೂರದ್ದು ಹಾಕ್ತಾರಂತೆ.

ಕುಬೇಂದ್ರನ್: ಹಂಗಾದ್ರೆ ಒಂದು ಕಣ್ಣು ನಂದು.

ತುಳಸಿಬಾಯಿ: ಎಡಗಣ್ಣು ತಗೊಳ್ಳಿ. ಬಲಗಣ್ಣು ಸೀರೆಗೆ.

(ಮೊದಲು ಸೀರೆಯ ಕಣ್ಣಿಗೆ ಆಪರೇಷನ್, ವಾರ ಕಳೆದು ಗಂಡನ ಕಣ್ಣಿಗೆ. ಅದರ ಪಟ್ಟಿ ಬಿಚ್ಚಿದ ಬೆಳಗ್ಗೆ ಕುಬೇಂದ್ರನ್ ಹಜಾರದ ಆ ತುದಿಯಲ್ಲಿ ನಿಂತಿದ್ದ. ಕೊನೆಯ ಸಲವೆಂದು ಹಸಿರು ಅಂಗಿ. ಕಂಕುಳಲ್ಲಿ ಹೊಸ ಬಿಳಿ ಅಂಗಿಯ ಪೊಟ್ಟಣ.)

ಕುಬೇಂದ್ರನ್: ಕಾಣ್ತಿದೀನಾ?

ತುಳಸಿಬಾಯಿ: ಗುಂಡಿ ಸಮೇತ ಕಾಣ್ತಿದೀರಿ. (ಮೇಲಿಂದ ಕೆಳಗೆ ನೋಡಿ) ರೀ, ಈ ಬಣ್ಣಾನ ನಿಮಗೆ ಹಾಕಿಸಿದ ಪುಣ್ಯಾತ್ಮರು ಯಾರು?

ಕುಬೇಂದ್ರನ್: ನೀನೇ.

ತುಳಸಿಬಾಯಿ: ನನಗೆ ನೆಟ್ಟಗೆ ಕಾಣ್ತಿರ್ಲಿಲ್ಲ. ನಿಮಗೆ ಕಾಣ್ತಿತ್ತಲ್ಲ?

(ಅವನು ಓಡಿಬಂದು ಬಿಳಿ ಅಂಗಿ ಬಿಡಿಸಿ ಕೊಟ್ಟ. ಅವಳು ಅಭ್ಯಾಸದಂತೆ ಮೂಗಿಗೆ ತಂದು, ಆಮೇಲೆ ಒಂದು ಗೇಣು ದೂರ ಸರಿಸಿ, ಬಲಗಣ್ಣಿಂದ ನೋಡಿದಳು.)

ತುಳಸಿಬಾಯಿ: ಕಾಲರ್ ಹೊಲಿಗೆ ಡೊಂಕು. ಒಂದು ತೋಳು ಎರಡೆಳೆ ಗಿಡ್ಡ. ವಾಪಸ್ ಕೊಟ್ಟು ಬನ್ನಿ.

ಕುಬೇಂದ್ರನ್: ಅಲ್ಲೀತನಕ ಏನು ಹಾಕ್ಕೊಳ್ಲಿ?

ತುಳಸಿಬಾಯಿ: ಹಸಿರು ಮಾತ್ರ ಬೇಡ.

(ಪೇಚಿಯಮ್ಮ ಕಣ್ಣಿಗೆ ಹನಿ ಹಾಕಲು ಬಂದಳು. ಕುಬೇಂದ್ರನ್ ಅವಳನ್ನು ಪಕ್ಕಕ್ಕೆ ಕರೆದ.)

ಕುಬೇಂದ್ರನ್: ಸಿಸ್ಟರಮ್ಮಾ, ತೆಗೆದ ಹಳೇ ಮಸೂರ ಎಸೆದುಬಿಟ್ರಾ? ಒಂದಾದ್ರೂ ಉಳಿದಿದ್ರೆ ವಾಪಸ್ ಹಾಕಿಬಿಡಿ.